ಗಟ್ಟಿಯಾಗದ ರೆಸಿನ್

ಹಲ್ಲಿನ ಡಾಕ್ಟರಮ್ಮನ ಬೆರಳ ತುದಿಗಳು ಒಡೆಯಲು ಶುರುವಾದಾಗ ಮನೆಯವರೆಲ್ಲ ಪಾತ್ರೆ ತೊಳೆಯುವ ಸೋಪಿನ ಮೇಲೆ ತಪ್ಪು ಹೊರಿಸಿದರು. ಗಂಡ ಸಿಂಕಿನ ಕೆಲಸವನ್ನು ತಾನೇ ವಹಿಸಿಕೊಂಡ. ಅತ್ತೆ ಸೊಸೆಯ ಕೈ ಹಿಡಿದು ಕೂರಿಸಿಕೊಂಡು ಮುಲಾಮು ತಿಕ್ಕಿದರು. ಬಿರುಕು ಮಾತ್ರ ಮಾಯಲಿಲ್ಲ. ರಜೆಯಲ್ಲಿ ಕಡಿಮೆಯಾದದ್ದು ಕ್ಲಿನಿಕ್ ಬಾಗಿಲು ತೆರೆದ ಕೂಡಲೇ ಮತ್ತೆ ಕಾಣಿಸಿಕೊಂಡಾಗ ಆಕೆಗೆ ಅನುಮಾನ ಬಂತು.

ಚರ್ಮದ ವೈದ್ಯರು ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ ಪರೀಕ್ಷಿಸಿದರು. ಒಂದರ ಕೆಳಗೆ ಚರ್ಮ ಕೆಂಪಗೆ ಉಬ್ಬಿತ್ತು. ಆ ಪಟ್ಟಿಯಲ್ಲಿದ್ದದ್ದು ಹಲ್ಲಿನ ತೂತು ತುಂಬುವ ರೆಸಿನ್ನಿನಲ್ಲಿರುವ ರಾಸಾಯನಿಕ. ನೀಲಿ ಬೆಳಕು ಬಿದ್ದು ಗಟ್ಟಿಯಾಗುವ ಮೊದಲು ಅದು ತೆಳು ಕೈಗವಸನ್ನೂ ದಾಟಿ ಚರ್ಮಕ್ಕಿಳಿಯುತ್ತದೆ. ಇದನ್ನು ಆಕೆ ಕಾಲೇಜಿನಲ್ಲಿ ಓದಿದ್ದಳು. ಓದಿದ್ದು ಪರೀಕ್ಷೆಗೆ ಅಷ್ಟೆ. ಕುರ್ಚಿಯ ಪಕ್ಕ ನಿಂತಾಗ ರೆಸಿನ್ನನ್ನು ಬೆರಳಿನಿಂದಲೇ ಒತ್ತಿ ನಯಮಾಡುವುದು ರೂಢಿಯಾಗಿಬಿಟ್ಟಿತ್ತು.

ಊಟಕ್ಕೆ ಕೂತಾಗ ಆಕೆ ಇದನ್ನು ಹೇಳಿದಳು. ಅತ್ತೆ ಅಗಿಯುವುದನ್ನು ನಿಲ್ಲಿಸಿದರು.

"ಅದನ್ನೇ ಅಲ್ವೇನೇ ನನ್ನ ಬಾಯಲ್ಲೂ ಇಟ್ಟಿರೋದು?"

"ಗಟ್ಟಿಯಾದ ಮೇಲೆ ಹೆಚ್ಚೇನೂ ಹೊರಗೆ ಬರಲ್ಲ ಅತ್ತೆ."

"ಗಟ್ಟಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ?"

ನೀಲಿ ಬೆಳಕಿನ ದೀಪ ಹಿಡಿದರೆ ಆಗಿಯೇ ಆಗುತ್ತದೆ ಎಂದು ಆಕೆ ಸಮಾಧಾನ ಹೇಳಿದಳು. ಅತ್ತೆಗೆ ಸಮಾಧಾನವಾಯಿತು, ಹೇಳಿದವಳಿಗೆ ಆಗಲಿಲ್ಲ. ಮೇಲ್ಪದರ ಗಟ್ಟಿಯಾದದ್ದು ಕಡ್ಡಿಯಿಂದ ತಟ್ಟಿದರೆ ತಿಳಿಯುತ್ತದೆ. ತಳ ಯಾರಿಗೂ ಕಾಣದು. ದೀಪವೋ ಹಳೆಯದು. ಕಾಲೇಜಿನ ಗುರುಗಳು ಕೆಲಸ ಬಿಟ್ಟಾಗ ಪ್ರೀತಿಯಿಂದ ಕೊಟ್ಟದ್ದು.

ಮರುದಿನ ಸಹಪಾಠಿಯ ಕ್ಲಿನಿಕ್ಕಿನಿಂದ ಬೆಳಕಿನ ಶಕ್ತಿ ಅಳೆಯುವ ಪುಟ್ಟ ಮೀಟರ್ ತಂದು ಅದಕ್ಕೆ ದೀಪ ಹಿಡಿದಳು. ಮುಳ್ಳು ಒಲ್ಲದ ಮನಸ್ಸಿನಿಂದ ತುಸು ಅಲುಗಾಡಿ, ಬೇಕಾದ ಗುರುತಿಗಿಂತ ಎಷ್ಟೋ ಕೆಳಗೇ ನಿಂತಿತು. ದೀಪದ ತುದಿಯನ್ನು ಕೆರೆದು ಒರೆಸಿ ನೋಡಿದಳು. ಏನೂ ಬದಲಾಗಲಿಲ್ಲ. ಕಣ್ಣಿಗೆ ಮಾತ್ರ ಬೆಳಕು ಎಂದಿನಂತೆ ಜೋರಾಗಿಯೇ ಇತ್ತು.

ಸಹಪಾಠಿ ಫೋನಿನಲ್ಲಿ ಹೇಳಿದ್ದು ಇಷ್ಟೆ: "ಹೊಸ ದೀಪ ತಗೋ, ಸುಮ್ಮನಿದ್ದುಬಿಡು. ಯಾರು ಕೇಳ್ತಾರೆ?"

ಆಕೆ ಫೋನ್ ಇಟ್ಟು ರೋಗಿಗಳ ಕುರ್ಚಿಯಲ್ಲಿ ಕೂತಳು. ಬೆನ್ನು ಇನ್ನೂ ತುರಿಸುತ್ತಿತ್ತು. ಚರ್ಮ ಒಮ್ಮೆ ಯಾವುದನ್ನಾದರೂ ಆಗದೆಂದು ದೂರ ಮಾಡಿದರೆ ಮತ್ತೆ ರಾಜಿಯಾಗುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಹೊಸ ದೀಪ ಬಂದ ಮೇಲೆ ಆಕೆ ಹಳೆಯ ದೀಪದಡಿ ಹಲ್ಲು ತುಂಬಿಸಿಕೊಂಡಿದ್ದ ಒಬ್ಬೊಬ್ಬರಿಗೂ ತಾನೇ ಫೋನ್ ಮಾಡಿದಳು. ಹೆದರುವಂಥದ್ದೇನಿಲ್ಲ, ಆದರೆ ಹಲ್ಲಿಗೆ ತುಂಬಿದ್ದು ಒಳಗೆ ಮೆತ್ತಗಿರಬಹುದು, ಬಂದು ತೋರಿಸಿ, ಕೆಟ್ಟಿದ್ದರೆ ನಾನೇ ಸರಿಮಾಡುತ್ತೇನೆ ಎಂದಳು.

ಮೊದಲು ಬಂದು ಕೂತವರು ಅತ್ತೆಯೇ. ಹಳೆಯದನ್ನು ಕೊರೆದಾಗ ಮೇಲೆ ಕಲ್ಲಿನಂತಿತ್ತು. ತಳಕ್ಕೆ ಬಂದಾಗ ಉಪಕರಣದ ತುದಿಗೆ ರೆಸಿನ್ ಮೇಣದಂತೆ ಅಂಟಿಕೊಂಡು ಬಂತು. ಸೊಸೆಯ ಕೈ ಅಲ್ಲೇ ನಿಂತಿತು. ಅತ್ತೆ ಬಾಯಿ ತೆರೆದುಕೊಂಡೇ ಆಕೆಯ ಮೊಣಕೈ ತಟ್ಟಿದರು, ಮುಂದುವರಿಸು ಎನ್ನುವಂತೆ. ಆಕೆ ತೆಳು ತೆಳುವಾಗಿ ಹೊಸ ಪದರ ಇಟ್ಟು, ಪ್ರತಿಯೊಂದಕ್ಕೂ ಬೆಳಕು ಹಿಡಿದಳು. ಈ ಸಲ ಬೆರಳು ತಾಗಿಸಲಿಲ್ಲ. ಅಮ್ಮ ಇಷ್ಟು ಹೊತ್ತು ಬಾಯಿ ತೆರೆದೂ ಮಾತಾಡದಿದ್ದದ್ದು ಇದೇ ಮೊದಲು ಎಂದು ಗಂಡ ಆಮೇಲೆ ನಕ್ಕ.

ಹೆಚ್ಚಿನವರು ಬಂದರು. ಕೆಲವರದು ಚೆನ್ನಾಗಿಯೇ ಇತ್ತು, ಕೆಲವರದನ್ನು ತೆಗೆದು ಹೊಸದಾಗಿ ತುಂಬಬೇಕಾಯಿತು. ಬಸ್ ಚಾಲಕನೊಬ್ಬ ಕುರ್ಚಿಯಲ್ಲೇ ನಿದ್ದೆ ಹೊಡೆದ. ಬ್ಯಾಂಕಿನ ಗುಮಾಸ್ತನೊಬ್ಬ ಮಾತ್ರ ಬಾಯಿಗೆ ಬಂದಂತೆ ಬೈದು, ಹೆಂಡತಿಯನ್ನೂ ತಮ್ಮನನ್ನೂ ಕರೆದುಕೊಂಡು ಬೇರೆ ವೈದ್ಯರ ಬಳಿ ಹೋದ. ಆಕೆ ಎದುರಾಡಲಿಲ್ಲ. ಅವನ ಹಲ್ಲಿನ ಹಳೆಯ ಎಕ್ಸ್‌ರೇಯನ್ನು ಆ ವೈದ್ಯರಿಗೆ ಕಳಿಸಿ, ಆದದ್ದನ್ನು ತಿಳಿಸಿದಳು. ಈಗಲೂ ಬೀದಿಯಲ್ಲಿ ಎದುರಾದರೆ ಅವನು ಮುಖ ತಿರುಗಿಸಿಕೊಂಡು ಹೋಗುತ್ತಾನೆ.