ದಾಖಲೆಯಲ್ಲಿ ಇಲ್ಲದ ಹುಡುಗಿ

ಎಪ್ಪತ್ತೆಂಟನೆಯ ಇಸವಿ. ಭಾನುವಾರ ನಮ್ಮ ಮನೆಯಲ್ಲಿ ಹಚ್ಚಿದ ಅವಲಕ್ಕಿ. ಮಾವನವರಾದ ಪ್ರಾಣೇಶರಾಯರು ಎರಡನೆಯ ತಟ್ಟೆ ಹಿಡಿದರೆಂದರೆ ನನಗೇನೋ ಕೆಲಸ ಕಾದಿದೆ ಎಂದೇ ಅರ್ಥ.

"ಮಂದಾಕಿನಿ, ನಮ್ಮ ತಂಗಿ ಮಗ ವಾಸುದೇವ ರಾಯಚೂರಿಂದ ಬಂದಾನ. ಗುಮಾಸ್ತರ ಜಾಗಾ ಕರದಾರ. ನಿನ್ನ ಸಾಲ್ಯಾಗ ನಾಲ್ಕು ವರ್ಷ ಕಲ್ತಾನಂತ ಸರ್ಟಿಫಿಕೇಟ್ ಬರದು ಕೊಡವಾ."

ನಾನು ತೆಲುಗು ಸೀಮೆಯ ರಾಜಧಾನಿಯಲ್ಲಿ, ಕಾಚಿಗೂಡದ ಕನ್ನಡ ಹೈಸ್ಕೂಲೊಂದರ ಮುಖ್ಯೋಪಾಧ್ಯಾಯಿನಿ. ಈ ಊರಲ್ಲಿ ನಾಲ್ಕು ವರ್ಷ ಓದಿದವರಿಗೇ ಇಲ್ಲಿನ ನೌಕರಿಯಲ್ಲಿ ಹೆಚ್ಚಿನ ಪಾಲು ಎಂದು ಸರ್ಕಾರ ನಿಯಮ ಮಾಡಿತ್ತು. ಕಚೇರಿಯ ಮೆಟ್ಟಿಲು ಹತ್ತದ ಮನೆಗಳ ಮಕ್ಕಳಿಗೂ ಕುರ್ಚಿ ಸಿಗಲಿ ಎಂದು. ಮೂರು ತಲೆಮಾರು ಕುರ್ಚಿಯಲ್ಲೇ ಕೂತ ನಮ್ಮಂಥವರು ಅದಕ್ಕೂ ಒಂದು ಪದ್ಧತಿ ಮಾಡಿಕೊಂಡೆವು. ಊರಿನಿಂದ ಹುಡುಗನನ್ನು ಕರೆಸಿ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ತೂರಿಸುವುದು. ಖಾಲಿ ಸಾಲು ಇರುವುದಿಲ್ಲ. ಯಾರದೋ ಹೆಸರು ಕೆರೆಯಬೇಕು.

ಹೋದ ವರ್ಷ ಮಾವನವರ ಅಣ್ಣನ ಮಗ ಶ್ರೀನಿವಾಸನಿಗಾಗಿ ನಾನೇ ಬ್ಲೇಡು ಹಿಡಿದಿದ್ದೆ. ಬೇಗಂ ಬಜಾರಿನಲ್ಲಿ ಕಾಳು ಹಸನು ಮಾಡುವವಳ ಮಗಳು ಶಿವದೇವಿಯ ಹೆಸರು ಹೋಯಿತು. ಮದುವೆಯಾಗಿ ಹೋದ ಹುಡುಗಿ, ಯಾರು ಕೇಳುತ್ತಾರೆ ಎಂದಿದ್ದರು ಮಾವನವರು.

ಕಳೆದ ಸೋಮವಾರ ಅವಳೇ ಬಂದಳು. ಗಂಡ ತೀರಿಹೋಗಿದ್ದ, ಕಂಕುಳಲ್ಲಿ ಕೂಸು. ಅದೇ ಗುಮಾಸ್ತರ ಜಾಗಕ್ಕೆ ಅರ್ಜಿ ಹಾಕಬೇಕಿತ್ತು. ಪುಸ್ತಕದಲ್ಲಿ ತನ್ನ ಹೆಸರು ಹುಡುಕಿ ಹುಡುಕಿ ನನ್ನ ಮುಖ ನೋಡಿದಳು.

"ನಾ ಇಲ್ಲೇ ಕಲ್ತೀನಲ್ರಿ, ಅಕ್ಕಾರ? ನೀವ ನನಗ ಲೆಕ್ಕ ಕಲಿಸೀರಿ."

ಗುರುವಾರ ಬಾ ಎಂದು ಸಾಗಹಾಕಿದೆ. ಗುರುವಾರ ರಜೆ ಹಾಕಿ ಮನೆಯಲ್ಲಿ ಕೂತೆ. ನಾಚಿಕೆಗೇಡಿ ನಾನು!

"ಯಾಕ ಸುಮ್ನ ನಿಂತಿ?" ಎಂದರು ಮಾವನವರು. "ಎಲ್ಲಾರ ಮನ್ಯಾಗೂ ಹಿಂಗ ನಡೀತದ. ನಮ್ಮವರಿಗೆ ನಾವ ಮಾಡಲಿಲ್ಲಂದ್ರ ಯಾರು ಮಾಡ್ತಾರ?"

"ಶಿವದೇವಿ ನಮ್ಮಾಕಿ ಅಲ್ಲೇನ್ರಿ, ಮಾವಾರ? ಆಕೀನೂ ಕನ್ನಡದಾಕಿ."

"ಆಕಿ ಬ್ಯಾರೆ."

ನನಗೆ ಮೈಯೆಲ್ಲ ಉರಿಯಿತು.

"ನಾ ಬರೆಯೂದಿಲ್ರಿ. ನಾಳೆ ಪುಸ್ತಕ ತಗೊಂಡು ಶಿಕ್ಷಣಾಧಿಕಾರಿ ಸಾಹೇಬರ ಕಡೆ ಹೋಗ್ತೀನಿ. ಹೆಸರು ಕೆರದಾಕಿ ನಾನ ಅಂತ ಹೇಳ್ತೀನಿ."

"ಶ್ರೀನಿವಾಸನ ನೌಕರಿ ಹೋಗ್ತದ! ನಿಂದೂ ಹೋಗ್ತದ!"

"ಹೋಗಲಿ ಬಿಡ್ರಿ. ಆಕಿದು ಆಕಿಗೆ ಸಿಗಲಿ."

ಬೆಳಿಗ್ಗೆ ಶಿವದೇವಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ಕೂಸನ್ನು ಎತ್ತಿಕೊಂಡು ನನ್ನಿಂದ ಎರಡು ಹೆಜ್ಜೆ ದೂರದಲ್ಲೇ ನಡೆದು ಬಂದಳು.

ಕಚೇರಿಯಲ್ಲಿ ಶಿಕ್ಷಣಾಧಿಕಾರಿಗಳು ಪುಸ್ತಕ ತಿರುವಿ, ಈ ಹುಡುಗಿ ನಿಮ್ಮಲ್ಲಿ ಓದಿದ್ದಕ್ಕೆ ಸಾಕ್ಷಿ ಯಾರು ಎಂದು ತೆಲುಗಿನಲ್ಲಿ ಕೇಳಿದರು.

"ನಾನೇ," ಎಂದೆ. "ಇವಳ ಹೆಸರು ಕೆರೆದ ಕೈ ಇದು."