ಅತ್ತೆಯ ಹೆಸರಿನವಳು

ಹಾಲೆಂಡಿನಿಂದ ಬಂದ ಆ ಬಿಳಿ ಹುಡುಗಿಗೆ ಸತ್ತ ಅತ್ತೆಯ ಹೆಸರಿಟ್ಟವಳು ಸ್ವತಃ ಮಾರೆಮ್. ಆಮೇಲೆ ಆದದ್ದಕ್ಕೆಲ್ಲ ಬೇರೆ ಯಾರ ಮೇಲೂ ಗೂಬೆ ಕೂರಿಸುವ ಹಾಗಿರಲಿಲ್ಲ. ಅದೇ ಅವಳಿಗೆ ಇನ್ನಷ್ಟು ಉರಿ.

ಹುಡುಗಿ ರಾಜಧಾನಿ ಡಾಕಾರಿನ ವಿಶ್ವವಿದ್ಯಾಲಯಕ್ಕೆ ಓದಲು ಬಂದವಳು. ಹಳ್ಳಿಯ ಬದುಕು ಹೇಗಿರುತ್ತದೆಂದು ತಿಳಿಯಬೇಕು, ಮಳೆಗಾಲ ಪೂರ್ತಿ ಒಂದು ಮನೆಯಲ್ಲಿ ಮಗಳ ಹಾಗೆ ಇದ್ದು ಬಾ ಎಂದು ಅವಳ ಪ್ರೊಫೆಸರು ಕೇರ್ ಮಾಜೋರ್ ಎಂಬ ಈ ಹಳ್ಳಿಗೆ ಕಳಿಸಿದ್ದರು. ಊರಿಗೆ ಬಂದು ಉಳಿಯುವವರಿಗೆ ಮನೆಯವರೊಬ್ಬರ ಹೆಸರಿಡಲೇಬೇಕು. ಇಲ್ಲದಿದ್ದರೆ ಅವಳು ಯಾರ ಪೈಕಿ ಅನ್ನುವುದು? ಅವಳ ಸ್ವಂತ ಹೆಸರು ಲೀಸ್ಬೆತ್. ಅದು ಹೆಸರೇ ಅಲ್ಲ, ಯಾರೋ ಸೀನಿದ ಹಾಗಿದೆ ಎಂದು ಅಂಗಳದಲ್ಲಿ ಸೇರಿದ್ದ ಹೆಂಗಸರು ತೀರ್ಮಾನ ಕೊಟ್ಟರು.

"ಪೆಂಡಾ ಅಂತಿರ್ಲಿ ಬಿಡಿ," ಎಂದು ಮಾರೆಮ್ ಥಟ್ಟನೆ ಹೇಳಿಬಿಟ್ಟಳು.

ಎಲ್ಲರೂ ಆಹಾ ಎಂದರು. ತೀರಿಕೊಂಡ ಅತ್ತೆಯ ಮೇಲೆ ಎಷ್ಟು ಅಭಿಮಾನ ನೋಡಿ ಈ ಸೊಸೆಗೆ! ಗಂಡ ಮೋಮರ್ ಸಿಸ್ಸೆಗಂತೂ ಕಣ್ಣಲ್ಲಿ ನೀರೇ ಬಂತು.

ಅಭಿಮಾನವೂ ಇಲ್ಲ, ಮಣ್ಣೂ ಇಲ್ಲ. ಆ ಮುದುಕಿ ಬದುಕಿದ್ದಷ್ಟು ಕಾಲ ಈ ಮನೆಯಲ್ಲಿ ಒಂದು ಈರುಳ್ಳಿ ಹೆಚ್ಚಬೇಕಾದರೂ ಅವಳ ಅಪ್ಪಣೆ ಬೇಕಿತ್ತು. ಅನ್ನಕ್ಕೆ ಉಪ್ಪು ಹೆಚ್ಚಾಯಿತು, ಅಂಗಳ ಗುಡಿಸಿದ್ದು ಸಾಲದು, ನಿಮ್ಮ ಕಡೆಯವರಿಗೆ ಸಜ್ಜೆ ಕುಟ್ಟಲು ಬರುವುದಿಲ್ಲ. ಈಗ ಅದೇ ಹೆಸರಿನ ಒಂದು ಎಳೆ ಹುಡುಗಿ ಕೈಗೆ ಸಿಕ್ಕಿದ್ದಾಳೆ, "ಏ ಪೆಂಡಾ, ಅಡ್ಡ ನಿಲ್ಬೇಡ! ಏ ಪೆಂಡಾ, ಕಣ್ಣು ಕಾಣಲ್ವಾ ನಿಂಗೆ?" ಎಂದು ಬಾಯಿ ತುಂಬ ಗದರಬಹುದಲ್ಲ ಎಂಬ ದುರಾಸೆ ಮಾರೆಮಳದು. ಮಾರನೆಯ ಬೆಳಿಗ್ಗೆ ಒಂದೆರಡು ಸಲ ಗದರಿಯೂ ನೋಡಿದಳು. ಎಂಥಾ ಸುಖ!

ಸುಖ ಮಧ್ಯಾಹ್ನದ ಊಟದ ತನಕವೂ ಉಳಿಯಲಿಲ್ಲ. ಎಲ್ಲರೂ ಬೋಗುಣಿಯ ಸುತ್ತ ಕೂತಾಗ ಮೋಮರ್ ಮೀನಿನ ಒಳ್ಳೆಯ ತುಂಡನ್ನು ಮುರಿದು ಹುಡುಗಿಯ ಕಡೆಗೆ ಸರಿಸಿದ. "ತಗೋ ಅವ್ವ, ತಿನ್ನು," ಅಂದ.

"ಯಾರ್ರೀ ಅವ್ವ?" ಎಂದಳು ಮಾರೆಮ್.

"ಮತ್ತಿನ್ಯಾರು? ನೀನೇ ತಾನೆ ಹೆಸರಿಟ್ಟಿದ್ದು? ನಮ್ಮವ್ವನ ಹೆಸರಿನವಳು ನಂಗೆ ಅವ್ವನೇ. ಬೆಳಿಗ್ಗೆ ಅದೇನು ಹಂಗೆ ಕೂಗಾಡ್ತಿದ್ದೆ ಅವಳ ಮೇಲೆ? ಎದೇಲಿ ಚುಚ್ಚಿದಂಗಾಯ್ತು ನಂಗೆ."

ಮಾರೆಮಳ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಯಾ ಅಲ್ಲಾ! ಹೆಸರಿಟ್ಟರೆ ಹೆಸರಿನ ಮರ್ಯಾದೆಯೂ ಜೊತೆಗೆ ಬರುತ್ತದೆಂದು ಕೂಸಿಗೂ ಗೊತ್ತು. ಅತ್ತೆಯನ್ನು ಗದರುವ ಆಸೆಯಲ್ಲಿ ಅವಳಿಗೆ ಅದೊಂದೇ ಹೊಳೆದಿರಲಿಲ್ಲ. ಹೂತು ಬಂದ ಅತ್ತೆಯನ್ನು ತಾನೇ ಕೈ ಹಿಡಿದು ಮನೆಯೊಳಗೆ ಕರೆದುಕೊಂಡು ಬಂದಿದ್ದಳು.

ಅಲ್ಲಿಂದ ಶುರುವಾಯಿತು. ಬೇವಿನ ಮರದ ಕೆಳಗಿನ ಚಾಪೆ, ಮುದುಕಿ ಹೋದ ಮೇಲೆ ಯಾರೂ ಕೂರದ ಚಾಪೆ, ಹುಡುಗಿಯ ಪಾಲಾಯಿತು. ಮೋಮರ್ ಹೊಲಕ್ಕೆ ಹೊರಡುವಾಗ ಅವಳ ಮುಂದೆ ನಿಂತು, "ಕಡಲೆಕಾಯಿ ಹೊಲಕ್ಕೆ ಹೋಗ್ಬರ್ತೀನಿ ಅವ್ವ, ಹರಸು," ಅನ್ನುತ್ತಿದ್ದ. ಮೊದಮೊದಲು ಅರ್ಧ ತಮಾಷೆಗೆ. ಬರಬರುತ್ತ ತಮಾಷೆಯ ಪಾಲು ಕಡಿಮೆಯಾಯಿತು. ಅಕ್ಕಪಕ್ಕದವರೂ ಅವಳನ್ನು ಕಂಡರೆ ಹಿರಿಯರಿಗೆ ಹೇಳುವಂತೆ ಸಲಾಂ ಹೇಳುತ್ತಿದ್ದರು. ಹುಡುಗಿಗೆ ಖುಷಿಯೋ ಖುಷಿ. ಎಷ್ಟು ಪ್ರೀತಿಯ ಜನ ಎಂದುಕೊಂಡಿದ್ದಳು.

ಚಾಪೆಯ ಮೇಲೆ ಸುಮ್ಮನೆ ಕೂತಿದ್ದರೆ ಮಾರೆಮ್ ಹೇಗೋ ಸಹಿಸುತ್ತಿದ್ದಳು. ಕೂರುವ ಪೈಕಿಯಲ್ಲ ಅದು. ಒನಕೆ ಹಿಡಿಯುತ್ತೇನೆಂದು ಹಟ ಹಿಡಿದು ಅಂಗೈ ತುಂಬ ಬೊಬ್ಬೆ ಎಬ್ಬಿಸಿಕೊಂಡಳು. ಆ ಬೊಬ್ಬೆಗಳನ್ನು ಬಾವಿಕಟ್ಟೆಯಲ್ಲಿ ಎಲ್ಲರಿಗೂ ತೋರಿಸಿಯೂ ಬಂದಳು. ಸಂಜೆಯೊಳಗೆ "ಮಾರೆಮ್ ತನ್ನ ಅತ್ತೆ ಕೈಲಿ ಸಜ್ಜೆ ಕುಟ್ಟಿಸಿದ್ಳಂತೆ" ಎಂದು ಊರೆಲ್ಲ ಗುಲ್ಲು. ನೀರಿನ ಮಡಕೆ ಇಲ್ಲಿದ್ದರೆ ಸೊಳ್ಳೆ ಬರುತ್ತದೆ ಎಂದು ಎತ್ತಿಡಿಸಿದಳು. ಮೋಮರ್ "ಅವ್ವ ಹೇಳಿದ್ಮೇಲೆ ಮುಗೀತು" ಎಂದು ಮಡಕೆ ಹೊತ್ತುಕೊಂಡು ಹೋದ. ಇದರ ಮೇಲೆ ಮುಗಿಯದ ಪ್ರಶ್ನೆಗಳು ಬೇರೆ.

"ಅಮ್ಮ, ಈ ಮೇಕೆಯನ್ನು ಬಾಗಿಲಿನ ಹತ್ತಿರ ಕಟ್ಟುವುದು ಯಾವ ಸಂಪ್ರದಾಯ?"

"ಬಿಚ್ಚಿದ್ರೆ ಓಡಿಹೋಗೋ ಸಂಪ್ರದಾಯ."

ಹುಡುಗಿ ಗಂಭೀರವಾಗಿ ತಲೆಯಾಡಿಸಿದಳು. ಅವಳ ಮಾತೇ ಹಾಗೆ, ಪಾಠ ಒಪ್ಪಿಸಿದಂತೆ. ಮಾರೆಮ್ ಹಣೆ ಚಚ್ಚಿಕೊಂಡು ಒಲೆಯ ಕಡೆ ಹೋದಳು. ಒಲೆಯ ಮುಂದೆ ಮಗಳು ನೋಗಾಯ್ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

"ನಗು ತಾಯಿ, ನಗು. ಶುಕ್ರವಾರ ನಿನ್ ಸೋದರತ್ತೆ ಬಂದಾಗ್ಲೂ ಹಿಂಗೇ ನಗ್ತಿರು."

ನೋಗಾಯಳ ನಗು ನಿಂತಿತು. ಮಾರೆಮ್‌ಗೆ ತನ್ನ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

ನಿಜವಾದ ಸಂಕಟ ಇದ್ದದ್ದು ಅಲ್ಲಿ. ನೋಗಾಯ್ ಪರೀಕ್ಷೆ ಪಾಸು ಮಾಡಿದ್ದಳು. ಕೌಲಾಕ್ ಪಟ್ಟಣದಲ್ಲಿ ಹೆರಿಗೆ ಮಾಡಿಸುವ ಕೆಲಸ ಕಲಿಸುವ ಶಾಲೆಯಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಮಳೆ ಮುಗಿದ ಮೇಲೆ ಹೊರಡಬೇಕು. ಆದರೆ ಮುದುಕಿ ಸಾಯುವ ಮುಂಚೆ, "ನೋಗಾಯಳನ್ನ ನಿನ್ನ ಮಗ ಅಲಸಾನ್‌ಗೆ ಕೊಟ್ಟಿದೀನಿ" ಎಂದು ತನ್ನ ಮಗಳು ತಾಕೊಗೆ ಮಾತು ಕೊಟ್ಟು ಕಣ್ಣು ಮುಚ್ಚಿದ್ದಳು. ಈಗ ತಾಕೊ ಕೋಲಾ ಬೀಜ ಹಿಡಿದುಕೊಂಡು ಬರುವವಳಿದ್ದಳು. ಬೀಜ ಒಡೆದು ಹಂಚಿದರೆ ಮದುವೆ ನಿಶ್ಚಯವಾದ ಹಾಗೆಯೇ. ಆಮೇಲೆ ಶಾಲೆಯೂ ಇಲ್ಲ, ಗೀಲೆಯೂ ಇಲ್ಲ.

"ನಂಗೇನು ಮಗಳು ಓದೋದು ಬೇಡ್ವಾ?" ಎಂದು ಮೋಮರ್ ಒದ್ದಾಡಿದ್ದ. "ಅವ್ವ ಕೊಟ್ಟ ಮಾತು ಮಾರೆಮ್. ಅವ್ವನೇ ವಾಪಸ್ ತಗೋಬೇಕು. ನಾನ್ಯಾರು ಮುರಿಯೋಕೆ?"

ಅವ್ವನೇ ವಾಪಸ್ ತೆಗೆದುಕೊಳ್ಳಬೇಕು. ಬಟ್ಟೆ ಒಗೆಯುವಾಗಲೂ ಮೀನು ಹೆರೆಯುವಾಗಲೂ ಆ ಮಾತು ಮಾರೆಮಳ ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಗುರುವಾರ ಬೆಳಿಗ್ಗೆ ಮರದ ಕೆಳಗೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ ಹುಡುಗಿಯನ್ನು ನೋಡಿದಾಗ ಫಕ್ಕನೆ ಹೊಳೆಯಿತು. ಅಯ್ಯೋ, ಅವ್ವ ಇಲ್ಲೇ ಕೂತಿದ್ದಾಳಲ್ಲ!

ಓಡಿಹೋಗಿ ಪಕ್ಕದಲ್ಲಿ ಕುಕ್ಕರಿಸಿದಳು. "ನೋಡಮ್ಮ ಪೆಂಡಾ. ನಾಳೆ ತಾಕೊ ಬರ್ತಾಳೆ. ಯಜಮಾನ್ರು ನಿನ್ನ ಕೇಳ್ತಾರೆ. ನೀನು ಜಾಸ್ತಿ ಏನೂ ಹೇಳ್ಬೇಡ. 'ನೋಗಾಯ್ ಓದ್ಲಿ' ಅನ್ನು. ಅಷ್ಟೇ. ಎರಡು ಮಾತು."

ಹುಡುಗಿ ಕಡಲೆಕಾಯಿ ಕೆಳಗಿಟ್ಟಳು. "ಅದು ಸರಿಯಲ್ಲ ಅಮ್ಮ. ನಾನು ಹೊರಗಿನವಳು. ನಿಮ್ಮ ಸಂಪ್ರದಾಯದಲ್ಲಿ ನಾನು ಕೈ ಹಾಕಬಾರದು. ಪ್ರೊಫೆಸರು ಬಹಳ ಸ್ಪಷ್ಟವಾಗಿ ಹೇಳಿದ್ದಾರೆ."

ಮಾರೆಮಳ ಪಿತ್ತ ನೆತ್ತಿಗೇರಿತು. "ಒನಕೆಗೆ ಕೈ ಹಾಕ್ದೆ. ಮೇಕೆ ಕೆಚ್ಚಲಿಗೆ ಕೈ ಹಾಕ್ದೆ. ನನ್ನ ನೀರಿನ ಮಡಕೆಗೆ ಕೈ ಹಾಕ್ದೆ. ಆಗೆಲ್ಲ ಎಲ್ಲಿಗೆ ಹೋಗಿದ್ದ ನಿನ್ನ ಪ್ರೊಫೆಸರು?"

"ಅದು ಕೆಲಸ. ಇದು ಸಂಪ್ರದಾಯ."

"ಸಂಪ್ರದಾಯ ಅಂದ್ರೆ ನೀನೇ ಕಣೇ, ಕತ್ತೆ! ನೀನು ನಮ್ಮತ್ತೆ! ನೀನು ಬಾಯಿ ಬಿಟ್ರೆ ಅದೇ ಸಂಪ್ರದಾಯ!"

ಗೋಡೆಯಾಚೆಯಿಂದ ಮೋಮರ್ ಕೆಮ್ಮಿದ್ದು ಕೇಳಿಸಿತು. ಅವ್ವನನ್ನು ಕತ್ತೆ ಅಂದದ್ದು ಅವನ ಕಿವಿಗೆ ಬಿದ್ದಿತ್ತು.

ಹುಡುಗಿಗೆ ಗಾಬರಿಯಾಗಿತ್ತು. ಆದರೂ ಬಗ್ಗಲಿಲ್ಲ. "ನನಗೂ ನೋಗಾಯ್ ಓದಬೇಕೆಂದಿದೆ. ಅದಕ್ಕೇ ನಾನು ಹೇಳಬಾರದು. ನಮ್ಮಂಥವರು ಬಂದು ಇನ್ನೊಬ್ಬರ ಮನೆಯಲ್ಲಿ ಹೀಗೆ ಮಾಡಿ, ಹಾಗೆ ಮಾಡಿ ಎಂದು ಹೇಳಿದ್ದೇ ಸಾಕಷ್ಟಾಗಿದೆ," ಅಂದಳು.

ಎಲ್ಲದಕ್ಕೂ ಮೂಗು ತೂರಿಸಿದವಳಿಗೆ ಬೇಕಾದ ಒಂದೇ ಒಂದು ಹೊತ್ತಿನಲ್ಲಿ ಮೂಗು ಎಲ್ಲಿದೆ ಎಂಬುದೇ ಮರೆತುಹೋಗಿತ್ತು. ಇವಳಿಗೆ ಏನು ಹೇಳುವುದು, ಹೇಗೆ ಹೇಳುವುದು? ಮಾರೆಮ್ ಸಿಪ್ಪೆಯ ರಾಶಿಯನ್ನು ಕಾಲಿಂದ ಒದ್ದು ಎದ್ದುಹೋದಳು.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯುತ್ತಲೇ ತಾಕೊ ಬಂದಳು. ಗಂಜಿ ಹಾಕಿ ಗರಿಗರಿ ಮಾಡಿದ ನೀಲಿ ನಿಲುವಂಗಿ, ತಲೆಗೆ ಅದೇ ಬಣ್ಣದ ಮುಂಡಾಸು, ಹಿಂದೆ ಇಬ್ಬರು ನೆಂಟರು. ಬಂದವಳು ನೇರ ಚಾಪೆಯ ಹತ್ತಿರ ಹೋಗಿ ಹುಡುಗಿಯ ಕೈ ಹಿಡಿದು, "ನನ್ನವ್ವ, ನನ್ನವ್ವ," ಎಂದು ಅತ್ತೇಬಿಟ್ಟಳು. ಹುಡುಗಿಯ ಕಣ್ಣಲ್ಲೂ ನೀರು. ಮಾರೆಮ್ ಹಲ್ಲು ಕಚ್ಚಿಕೊಂಡು ನೀರಿನ ಚೆಂಬು ತಂದಿಟ್ಟಳು. ಕುಶಲ ವಿಚಾರಿಸಿದ್ದಾಯಿತು, ಮಳೆಯ ಮಾತಾಯಿತು, ಚಹಾ ಆಯಿತು. ತಾಕೊ ಕೋಲಾ ಬೀಜದ ಗಂಟನ್ನು ಬಿಚ್ಚಿ ಮೋಮರನ ಮುಂದಿಟ್ಟಳು.

"ಅವ್ವನ ಮಾತು ನಡೆಸ್ಕೊಂಡು ಹೋಗೋಣ ತಮ್ಮಾ. ಒಡಿ."

ಮೋಮರ್ ಬೀಜವನ್ನು ಕೈಯಲ್ಲಿ ಹೊರಳಿಸುತ್ತ ಕೂತ. ಹೆಂಡತಿಯ ಮುಖ ನೋಡಲಿಲ್ಲ.

"ಮಾತು ಕೊಟ್ಟೋರು ಅಲ್ಲೇ ಕೂತಿದಾರಲ್ಲ," ಎಂದಳು ಮಾರೆಮ್. "ಅವ್ರನ್ನೇ ಒಂದ್ಸಲ ಕೇಳಿ."

ತಾಕೊ ನಕ್ಕಳು. "ಓಹೋ! ಈಗ ಬೇಕಾಯ್ತಾ ಅತ್ತೆ ಮಾತು? ಬದುಕಿದ್ದಾಗ ಕೇಳ್ಸ್ಕೊಂಡಿದ್ರೆ ಚೆನ್ನಾಗಿತ್ತು. ಆಯ್ತಪ್ಪ, ಕೇಳು ಮೋಮರ್. ಅವ್ವನ ಹೆಸರು, ನಾನು ಬೇಡ ಅನ್ನಲ್ಲ."

ಮೋಮರ್ ಚಾಪೆಯ ಕಡೆ ತಿರುಗಿದ. ಅವನ ದನಿಯಲ್ಲಿ ತಮಾಷೆ ಒಂದು ಚೂರೂ ಇರಲಿಲ್ಲ. "ಏನ್ಮಾಡ್ಲಿ ಅವ್ವ? ನೀನೇ ಹೇಳು."

ಹುಡುಗಿಯ ಮುಖ ಕೆಂಪಾಯಿತು. ಒಮ್ಮೆ ನೋಗಾಯ್ ನಿಂತಿದ್ದ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. "ನಾನು ಅತಿಥಿ. ನೀವು ಏನು ನಿರ್ಧರಿಸಿದರೂ ನಾನು ಗೌರವಿಸುತ್ತೇನೆ," ಎಂದು ಮೆಲ್ಲನೆ ಒಪ್ಪಿಸಿದಳು.

ಅಯ್ಯೋ ನಿನ್ನ ಗೌರವಕ್ಕಿಷ್ಟು ಬೆಂಕಿ ಹಾಕ! ಮಾರೆಮ್‌ಗೆ ಅಲ್ಲೇ ಕೂಗಿಬಿಡಬೇಕು ಅನ್ನಿಸಿತು. "ಕೇಳಿದ್ಯಲ್ಲ, ಅವ್ವ ಅಡ್ಡ ಹೇಳ್ಲಿಲ್ಲ," ಎಂದಳು ತಾಕೊ. ಮೋಮರ್ ನಿಟ್ಟುಸಿರು ಬಿಟ್ಟು ಹೆಬ್ಬೆರಳಿನ ಉಗುರನ್ನು ಬೀಜದ ಸೀಳಿಗೆ ಇಟ್ಟ. ಬಾಗಿಲಲ್ಲಿ ನೋಗಾಯ್ ಅಳುತ್ತಿರಲಿಲ್ಲ. ಅವಳು ಅಮ್ಮನನ್ನು ನೋಡುತ್ತಿದ್ದಳು, ಅಷ್ಟೇ.

ಮಾರೆಮ್ ಎದ್ದಳು. ಅಂಗಳ ದಾಟಿ ಚಾಪೆಯ ಮುಂದೆ ಬಂದು ನಿಂತಳು. ಆಮೇಲೆ ಮಂಡಿಯೂರಿದಳು.

ಈ ಊರಿನ ಸೊಸೆಯರು ಅತ್ತೆಗೆ ನೀರು ಕೊಡುವಾಗಲೂ ಮಂಡಿ ಬಗ್ಗಿಸಿ ಕೊಡುತ್ತಾರೆ. ಮಾರೆಮ್ ಬಗ್ಗಿಸುತ್ತಿದ್ದದ್ದು ಬಗ್ಗಿಸಿದೆ ಎಂದು ಹೇಳಿಕೊಳ್ಳಲು ಎಷ್ಟು ಬೇಕೋ ಅಷ್ಟು. ಅವಳ ಮಂಡಿ ಆ ಮುದುಕಿಯ ಮುಂದೆ ಯಾವತ್ತೂ ನೆಲ ಮುಟ್ಟಿರಲಿಲ್ಲ. ಆ ಬಾಯಿಂದ ಏನನ್ನೂ ಬೇಡಿರಲಿಲ್ಲ. ಏನು ಬೇಕಾದರೂ ಗಂಡನ ಕೈಲಿ ಕೇಳಿಸುತ್ತಿದ್ದಳು. ಈಗ ನೆಂಟರೆದುರು, ತಾಕೊಳ ಎದುರು, ಮೇಕೆ ಹಾಲು ಕರೆಯಲೂ ಬಾರದ ಈ ಹುಡುಗಿಯ ಎದುರು ಎರಡೂ ಮಂಡಿ ಮಣ್ಣಿನಲ್ಲಿದ್ದವು. ನಾಚಿಕೆಯಿಂದ ಕಿವಿ ಸುಡುತ್ತಿತ್ತು.

"ಅತ್ತೆ," ಅಂದಳು. "ನಾನ್ಯಾವತ್ತೂ ನಿಮ್ಮನ್ನ ಏನೂ ಕೇಳಿಲ್ಲ. ಇದೊಂದು ಕೇಳ್ತೀನಿ. ನನ್ ಮಗಳನ್ನ ಬಿಟ್ಕೊಡಿ."

ಹುಡುಗಿ ಮೊದಲು ಅವಳನ್ನು ಎಬ್ಬಿಸಲು ಕೈ ಚಾಚಿದಳು. ಆಮೇಲೆ ಆ ಮುಖ ಕಂಡು ಸುಮ್ಮನಾದಳು. ನಿನ್ನೆ ಹೇಳಿಕೊಟ್ಟ ಆಟ ಇದಲ್ಲವೆಂದು, ತನ್ನೊಡನೆ ಆಡಿದ ಮಾತೂ ಅಲ್ಲವೆಂದು ಅವಳಿಗೂ ತಿಳಿದಿರಬೇಕು. ಚಾಚಿದ್ದ ಕೈಯನ್ನು ಹಿಂದಕ್ಕೆಳೆಯದೆ, ಊರಿನ ಮುದುಕಿಯರು ಇಡುವ ಹಾಗೆಯೇ, ಅಂಗೈ ಅಗಲಿಸಿ ಮಾರೆಮಳ ತಲೆಯ ಮೇಲಿಟ್ಟಳು.

"ನೋಗಾಯ್ ಓದಲಿ," ಅಂದಳು. "ನಾನು ಕೊಟ್ಟ ಮಾತನ್ನು ನಾನೇ ಹಿಂದಕ್ಕೆ ತೆಗೆದುಕೊಂಡಿದ್ದೇನೆ."

ಮೋಮರ್ ಬೀಜವನ್ನು ಒಡೆಯದೆ ಗಂಟಿನೊಳಗೆ ಇಟ್ಟು, "ಆಯ್ತವ್ವ," ಅಂದ. ಅವನ ಗಲ್ಲದ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ನೋಗಾಯ್ ಅಡುಗೆಮನೆಯೊಳಗೆ ಓಡಿಹೋದಳು. ಒಳಗೆ ಏನೋ ಪಾತ್ರೆ ಉರುಳಿದ ಸದ್ದು.

ತಾಕೊ ಗಂಟು ಎತ್ತಿಕೊಂಡಳು. ಜಗಳ ತೆಗೆಯುತ್ತಾಳೆಂದು ಮಾರೆಮ್ ಮೈ ಬಿಗಿಹಿಡಿದಳು. ಆದರೆ ತಾಕೊ ಅವಳನ್ನು ನೋಡಿ ತಲೆ ಕೊಡವಿದಳು, ಬೇಸತ್ತವಳ ಹಾಗೆ.

"ಇದನ್ನ ಆವತ್ತೇ ಮಾಡಿದ್ರೆ ಏನಾಗ್ತಿತ್ತೇ ನಿಂಗೆ?" ಅಂದಳು. "ಅವ್ವ ಅಲಸಾನ್ ಮೇಲಿನ ಪ್ರೀತಿಗೆ ಮಾತು ಕೊಟ್ಳು ಅಂದ್ಕೊಂಡ್ಯಾ? 'ಆ ಜಂಬದವಳು ತನ್ ಮಗಳಿಗೋಸ್ಕರನಾದ್ರೂ ನನ್ಹತ್ರ ಬಂದು ಒಂದ್ಮಾತು ಕೇಳ್ತಾಳೆ ನೋಡು, ಕೇಳಿದ್ರೆ ಬಿಟ್ಬಿಡ್ತೀನಿ' ಅಂದಿದ್ಳು ನಂಗೆ. ಕೊನೇವರ್ಗೂ ಬಾಗಿಲ ಕಡೆನೇ ನೋಡ್ತಿದ್ಳು. ನೀನು ಬರ್ಲೇ ಇಲ್ಲ."

ಹೇಳಿ, ನಿಲುವಂಗಿಯ ಮಣ್ಣು ಕೊಡವಿಕೊಂಡು, ನೆಂಟರನ್ನು ಕರೆದುಕೊಂಡು ಹೊರಟುಹೋದಳು. ಮೋಮರ್ ಕಳಿಸಿಕೊಡಲು ಹಿಂದೆಯೇ ಓಡಿದ.

ಮಾರೆಮ್ ಇನ್ನೂ ಮಣ್ಣಿನಲ್ಲೇ ಇದ್ದಳು.

"ಅಮ್ಮ, ನಾನು ತಪ್ಪು ಮಾಡಿದೆನೆ?" ಹುಡುಗಿ ಹೆದರಿಕೊಂಡು ಕೇಳುತ್ತಿದ್ದಳು. "ನೀವು ಅಳುತ್ತಿದ್ದೀರಿ. ಏಳಿ ಅಮ್ಮ, ನಾನು ನೀರು ತರುತ್ತೇನೆ. ನಾನು—"

"ಸುಮ್ನೆ ಕೂತ್ಕೊಳ್ಳಿ ಅತ್ತೆ," ಎಂದಳು ಮಾರೆಮ್, ಅವಳ ಕೈಯನ್ನು ಎಳೆದು ಮತ್ತೆ ತನ್ನ ತಲೆಯ ಮೇಲಿಟ್ಟುಕೊಂಡು. "ಇನ್ನೊಂದ್ ಗಳಿಗೆ ಸುಮ್ನೆ ಕೂತ್ಕೊಳ್ಳಿ."