ನಲ್ಲಿಯ ಕೆಳಗಿನ ಬಿಂದಿಗೆ

ಮಲ್ಲೇಶ್ವರದ ಆ ಮನೆಗೆ ನೀರು ತಾನಾಗಿ ತುಂಬಿಕೊಳ್ಳುವ ನೆಲದಡಿಯ ಸಂಪು ಕಟ್ಟಿಸಿ ವರ್ಷ ಕಳೆದಿತ್ತು. ಆದರೂ ಬೆಳಗಿನ ನಾಲ್ಕಕ್ಕೆ, ಕಣ್ಣು ಬಿಡುವ ಮೊದಲೇ ಶ್ರೀವಿದ್ಯಾಳ ಎದೆ ಡವಗುಟ್ಟುತ್ತಿತ್ತು. ಏನೋ ತಪ್ಪಿಹೋಯಿತೆಂಬ ದಿಗಿಲು. ಏನೆಂದು ಮಾತ್ರ ತಿಳಿಯದು.

"ಡಾಕ್ಟರು ಏನೂ ಇಲ್ಲ ಅಂದ್ರು ಅತ್ತೆ," ಎಂದಳು.

ರಂಗನಾಯಕಮ್ಮ ಹೂ ಕಟ್ಟುತ್ತಲೇ ಗದರಿದರು: "ಇಪ್ಪತ್ತು ವರ್ಷ ನಾಲ್ಕಕ್ಕೆದ್ದು ನೀರು ಹಿಡಿದವಳು ನೀನು. ಸಂಪು ಬಂದಿದ್ದು ನಿನ್ನ ಎದೆಗೆ ಯಾರು ಹೇಳಿದಾರೆ? ಅದಿನ್ನೂ ನಲ್ಲಿ ಕಾಯ್ತಿದೆ ಕಣೇ."

ಅಂದು ಮಲಗುವ ಮುನ್ನ ಶ್ರೀವಿದ್ಯಾ ಅಂಗಳದ ಒಣ ನಲ್ಲಿಯನ್ನು ತೆರೆದಿಟ್ಟು, ಕೆಳಗೆ ಖಾಲಿ ತಾಮ್ರದ ಬಿಂದಿಗೆ ಇಟ್ಟಳು. ಹಿಂದೆಲ್ಲ ನೀರು ಬಂದಾಗ ಅವಳನ್ನು ಎಬ್ಬಿಸುತ್ತಿದ್ದದ್ದು ಅದರ ಸದ್ದೇ.

ನಸುಕಿನಲ್ಲಿ ಎದೆ ಎಂದಿನಂತೆ ಹಾರಿತು. ಅಷ್ಟರಲ್ಲಿ ನಲ್ಲಿ ಒಮ್ಮೆ ಉಸಿರೆಳೆದುಕೊಂಡಿತು. ಬಿಂದಿಗೆಯ ತಳಕ್ಕೆ ಠಣ್ಣೆಂದು ನೀರು ಬಿತ್ತು. ಸದ್ದು ಮೆಲ್ಲಮೆಲ್ಲಗೆ ಗುಳುಗುಳುವಾಗಿ, ಕೋಣೆಯೇ ದೋಣಿಯಂತೆ ತೇಲಿತು. ಎದೆಯ ಮೇಲೆ ಕೈಯಿಟ್ಟು, ಮಗುವಿಗೆ ಹೇಳುವಂತೆ, "ಬಂತು, ಮಲ್ಕೋ," ಎಂದಳು.

ಬಿಂದಿಗೆ ತುಂಬಿ ಪಾರಿಜಾತದ ಬುಡಕ್ಕೆ ಹರಿಯಿತು. ಸೊಸೆ ಏಳಲಿಲ್ಲ. ರಂಗನಾಯಕಮ್ಮನೇ ಸದ್ದಿಲ್ಲದೆ ಹೋಗಿ ನಲ್ಲಿ ನಿಲ್ಲಿಸಿದರು. ಶ್ರೀವಿದ್ಯಾ ಈ ಮನೆ ತುಂಬಿದ ಮೇಲೆ ನೀರಿಗೆಂದು ಅವರು ಎದ್ದದ್ದು ಅದೇ ಮೊದಲು.